ವಾಪಸು ಕೊಟ್ಟ ವೀಳ್ಯ

ಈಗ ಟೀವಿಯಲ್ಲಿ ಕಬಡ್ಡಿ ಆಟಗಾರರನ್ನು ಹರಾಜು ಕೂಗುತ್ತಾರೆ. ಒಬ್ಬ ಸುತ್ತಿಗೆ ಹಿಡಿದು ನಿಂತಿರುತ್ತಾನೆ, ಮೇಜಿನ ಸುತ್ತ ಕುಳಿತವರು ಕೈಯೆತ್ತುತ್ತಾರೆ, ಯಾವುದೋ ಹಳ್ಳಿಯ ಹುಡುಗನ ಬೆಲೆ ಏರುತ್ತಾ ಹೋಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೋಡಿ ಎಲ್ಲರೂ ಮೂಗು ಮುರಿಯುತ್ತಾರೆ. "ಇದೇನ್ರೀ ಇದು, ಮನುಷ್ಯರನ್ನ ಕುರಿ ಮಾರ್ದಂಗೆ ಮಾರ್ತಾರೆ" ಎಂದು ನನ್ನ ಹೆಂಡತಿ ಪ್ರತಿ ಸಲವೂ ಅನ್ನುತ್ತಾಳೆ. ನಾನು ಕುರಿಹಟ್ಟಿಯಲ್ಲಿ ಹುಟ್ಟಿದವನು, ಕುರಿ ವ್ಯಾಪಾರ ಅವಳಿಗಿಂತ ಚೆನ್ನಾಗಿ ಬಲ್ಲೆ. ಸಂತೆಯಲ್ಲಿ ಒಂದು ಟಗರಿಗೂ ನಾಲ್ಕು ಜನ ಗಿರಾಕಿಗಳು ಬರುತ್ತಾರೆ. ಹಲ್ಲು ನೋಡುತ್ತಾರೆ, ಬೆನ್ನು ಹಿಸುಕುತ್ತಾರೆ, ಒಬ್ಬ ಹೇಳಿದ್ದಕ್ಕಿಂತ ಇನ್ನೊಬ್ಬ ಹೆಚ್ಚು ಹೇಳುತ್ತಾನೆ. ನಮ್ಮ ಕಾಲದ ಆಟಗಾರರಿಗೆ ಟಗರಿನ ಆ ಭಾಗ್ಯವೂ ಇರಲಿಲ್ಲ. ಹಾಗಾಗಿ ಹರಾಜು ನೋಡಿದರೆ ನನಗೆ ಬೇಸರವಾಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ.

ನಾನು ಆಡಿದ್ದು ಎಪ್ಪತ್ತರ ದಶಕದಲ್ಲಿ. ಆಡಿದ್ದು ಎಂದರೆ ಹೊಟ್ಟೆಪಾಡಿಗೆ ಆಡಿದ್ದು. ಚಿತ್ರದುರ್ಗದ ಸುತ್ತಮುತ್ತ ಆಗ ಹತ್ತಿ ಮಿಲ್ಲು, ಶೇಂಗಾ ಎಣ್ಣೆ ಮಿಲ್ಲುಗಳ ಸಾಹುಕಾರರು ಒಬ್ಬೊಬ್ಬರು ಒಂದೊಂದು ಕಬಡ್ಡಿ ತಂಡ ಇಟ್ಟುಕೊಂಡಿದ್ದರು. ಸುಗ್ಗಿ ಮುಗಿದ ಮೇಲೆ ಟೂರ್ನಮೆಂಟುಗಳು ಶುರುವಾದರೆ ಮುಂಗಾರು ಬೀಳುವವರೆಗೆ ನಡೆಯುತ್ತಿದ್ದವು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಯಾವ ಊರಿಗೆ ಹೋದರೂ ಜನವೋ ಜನ. ಮಿಲ್ಲಿನ ಹೆಸರು ಬರೆದ ಬನಿಯನ್ ಹಾಕಿಕೊಂಡು ನಾವು ಅಂಕಣಕ್ಕೆ ಇಳಿದರೆ ಮದುವೆ ಗಂಡು ಬಂದಷ್ಟು ಗದ್ದಲ.

ಅದಕ್ಕೂ ಮೊದಲು ಆಡುತ್ತಿದ್ದುದು ನಮ್ಮೂರಿನ ಕಣದಲ್ಲಿ. ಹೊಸದುರ್ಗ ತಾಲ್ಲೂಕು, ಹಾಲುರಾಮೇಶ್ವರದ ಕಡೆ ಊರು. ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾದರೆ ಸಗಣಿ ಬಳಿದ ಆ ನುಣುಪಾದ ನೆಲವೇ ನಮ್ಮ ಅಂಕಣ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವನು ಭಾವ. ಭಾವ ಎಂದರೆ ನನ್ನ ಸೋದರಮಾವನ ಮಗ, ನನಗಿಂತ ಒಂದೆರಡು ಸುಗ್ಗಿ ಹೆಚ್ಚು ಕಂಡವನು. ಚಿಕ್ಕಂದಿನಿಂದ ಒಟ್ಟಿಗೆ ಕುರಿ ಕಾದವರು ನಾವು. ಕಬಡ್ಡಿಯಲ್ಲಿ ನಾನು ಎಡಮೂಲೆ, ಅವನು ಮೂಲೆಯ ಒಳಗಿನವನು. ನನ್ನ ಬಲಗೈ ಅವನ ಎಡಗೈಯಲ್ಲಿ. ದಾಳಿಗೆ ಬಂದವನ ಹಿಮ್ಮಡಿಗೆ ನಾನು ಬಿದ್ದರೆ ಅವನು ಅಷ್ಟರಲ್ಲೇ ಎದುರಿನಿಂದ ಅಡ್ಡ ಬಂದಿರುತ್ತಿದ್ದ. ಈಗ ಹೋಗು ಎಂದು ಬಾಯಲ್ಲಿ ಹೇಳಿದ್ದಿಲ್ಲ, ಕಣ್ಣು ಮಿಟುಕಿಸಿದ್ದಿಲ್ಲ. ಅವನ ಬೆರಳು ಬಿಗಿಯಾದರೆ ತಡಿ, ಸಡಿಲವಾದರೆ ಬೀಳು. ಆ ಹಿಡಿತದಿಂದ ತಪ್ಪಿಸಿಕೊಂಡು ಗೆರೆ ಮುಟ್ಟಿದವರು ಅಪರೂಪ. ಮೂಲೆಯಲ್ಲಿ ನಿಂತವನಿಗೆ ಪಕ್ಕದವನು ಸರಿಯಿಲ್ಲದಿದ್ದರೆ ಅವನು ಎಷ್ಟೇ ಗಟ್ಟಿಗನಾದರೂ ಅರ್ಧ ಆಟಗಾರನೇ. ನಾನು ಪೂರ್ತಿ ಆಟಗಾರನಾಗಿದ್ದುದು ಭಾವನ ಪಕ್ಕದಲ್ಲಿ ನಿಂತಾಗ ಮಾತ್ರ.

ಹೊಸದುರ್ಗದಲ್ಲಿ ಒಮ್ಮೆ ದೊಡ್ಡ ಟೂರ್ನಮೆಂಟು. ನಮ್ಮ ಹಳ್ಳಿ ತಂಡ ಯಾರೂ ಎಣಿಸಿರದ ಹಾಗೆ ಕೊನೆಯ ಆಟದವರೆಗೆ ಹೋಯಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಇಬ್ಬರು ಸಾಹುಕಾರರು ಕುಳಿತಿದ್ದರು. ಒಬ್ಬರು ಚಿತ್ರದುರ್ಗದ ಹತ್ತಿ ಮಿಲ್ಲಿನವರು, ಇನ್ನೊಬ್ಬರು ಹಿರಿಯೂರಿನ ಎಣ್ಣೆ ಮಿಲ್ಲಿನವರು. ಆಟ ಮುಗಿದ ಮೇಲೆ ಇಬ್ಬರೂ ತಲೆ ಹತ್ತಿರ ಮಾಡಿ ಏನೋ ಮಾತಾಡಿಕೊಂಡರು, ನಕ್ಕರು. ಆಮೇಲೆ ನಮ್ಮಿಬ್ಬರನ್ನೂ ಕರೆದರು. ಎರಡು ತಟ್ಟೆ ಬಂದವು. ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಚಿತ್ರದುರ್ಗದವರು ನನ್ನ ಕೈಗೆ ಕೊಟ್ಟರು, ಹಿರಿಯೂರಿನವರು ಭಾವನ ಕೈಗೆ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ವೀಳ್ಯ ಕಣ್ಣಿಗೊತ್ತಿಕೊಂಡು ಅಲ್ಲೇ ಬಾಯಿಗೆ ಹಾಕಿಕೊಂಡೆವು. ಊರಿಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಭಾವ ನಿಂತ.

"ಲೇ, ಹಂಗಾದ್ರೆ ನಾವಿಬ್ರೂ ಎದುರುಬದ್ರು ಆಡ್ಬೇಕೇನೋ?"

ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ. "ಒಂದೊರ್ಷ ತಾನೇ, ಆಮೇಲೆ ಒಂದೇ ಕಡೆ ಸೇರಾಣ ಬಿಡು" ಅಂದೆ. ವೀಳ್ಯದ ಕಟ್ಟು ನಮಗೆ ಆಗ ಸರಿಯಾಗಿ ತಿಳಿದಿರಲಿಲ್ಲ.

ಕಟ್ಟು ಹೀಗಿತ್ತು. ಆಯುಧಪೂಜೆಯ ದಿನ ಮಿಲ್ಲಿನ ಯಂತ್ರಗಳಿಗೆ ಕುಂಬಳಕಾಯಿ ಒಡೆದ ಮೇಲೆ ಸಾಹುಕಾರರು ಆಟಗಾರರಿಗೆ ಒಬ್ಬೊಬ್ಬರಿಗೇ ವೀಳ್ಯ ಕೊಡುತ್ತಾರೆ. ತಿಂದವನು ಆ ವರ್ಷ ಅವರವನು. ಮುಂದಿನ ವರ್ಷ ಮತ್ತೆ ಕೊಡುತ್ತಾರೆ, ಮತ್ತೆ ತಿನ್ನಬೇಕು. ಬೇಡ ಎನ್ನುವ ಹಾಗಿಲ್ಲ, ಕೊಟ್ಟ ವೀಳ್ಯ ಬೇಡ ಎನ್ನುವುದು ಮನೆತನಕ್ಕೆ ಮಾಡುವ ಅವಮಾನ. ಒಬ್ಬರ ವೀಳ್ಯ ತಿಂದವನನ್ನು ಇನ್ನೊಬ್ಬರು ಕಣ್ಣೆತ್ತಿ ನೋಡುವುದಿಲ್ಲ. ಬಿಡಿಸಿಕೊಳ್ಳುವುದಕ್ಕೆ ಒಂದೇ ದಾರಿ. ತಟ್ಟೆಯಲ್ಲಿ ಹೊಸ ವೀಳ್ಯ ಇಟ್ಟು ಸಾಹುಕಾರರಿಗೆ ವಾಪಸು ಕೊಡಬೇಕು, ಅವರು ಅದನ್ನು ತಗೊಂಡು ಬಾಯಿಗೆ ಹಾಕಿಕೊಂಡರೆ ಋಣ ಹರಿಯಿತು. ತಗೊಂಡವರನ್ನು ಯಾರೂ ಕಂಡಿರಲಿಲ್ಲ.

ಸುಳ್ಳು ಹೇಳಬಾರದು, ನಮ್ಮ ಸಾಹುಕಾರರು ಕೆಟ್ಟವರಲ್ಲ. ಕೋಟೆ ಬಂಡೆಯ ಬುಡಕ್ಕೆ ಮಿಲ್ಲು, ಮಿಲ್ಲಿನ ಹಿಂದೆ ನಮಗೊಂದು ಕೋಣೆ. ಬೆಳಿಗ್ಗೆ ಹಾಲು, ಮೊಟ್ಟೆ. ಮೈಕೈ ನೋವಾದರೆ ಎಣ್ಣೆ ತಿಕ್ಕಲು ಒಬ್ಬ. ಹೆಸರಿಗೆ ಹತ್ತಿ ತೂಕದ ಕೆಲಸ, ನಿಜವಾಗಿ ಮೂಟೆ ಮುಟ್ಟಿದ್ದು ಕಡಿಮೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ನಮ್ಮಿಬ್ಬರನ್ನೂ ಯಾಕೆ ಒಂದೇ ತಂಡಕ್ಕೆ ತಗೊಳ್ಳಲಿಲ್ಲ ಎಂದು. ಅವರು ಸಮಾಧಾನವಾಗಿಯೇ ಹೇಳಿದರು: "ಜೋಡಿ ಒಂದೇ ಕಡೆ ಹೋದ್ರೆ ಗೆಲ್ಲೋರು ಯಾರು ಅಂತ ಮೊದ್ಲೇ ಗೊತ್ತಾಗ್ತತೆ. ಜನ ಯಾಕೆ ನೋಡಾಕೆ ಬರ್ತಾರೆ ಹೇಳು? ಆಟ ಉಳೀಬೇಕು ಅಂದ್ರೆ ಸಮ ಇರ್ಬೇಕಪ್ಪ." ಮಾತು ಸರಿಯಾಗಿಯೇ ಇತ್ತು. ಆಟ ಉಳಿಯಲು ನಾವೇ ಯಾಕೆ ಒಡೆಯಬೇಕು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಮಾತು ನನಗೆ ಯಾವಾಗಲೂ ಮನೆಗೆ ಬಂದ ಮೇಲೆಯೇ ಹೊಳೆಯುವುದು.

ಒಂದು ವರ್ಷ ಅಂದಿದ್ದು ಹಲವು ವರ್ಷವಾಯಿತು. ನನ್ನ ಪಕ್ಕಕ್ಕೆ ಬಂದವರೆಲ್ಲ ಒಳ್ಳೆಯ ಆಟಗಾರರೇ. ಆದರೂ ಕೈ ಹಿಡಿದರೆ ಸೌದೆ ತುಂಡು ಹಿಡಿದ ಹಾಗಿರುತ್ತಿತ್ತು. ಒಬ್ಬ ಬೇಗ ಹೋಗುತ್ತಿದ್ದ, ಇನ್ನೊಬ್ಬ ತಡವಾಗಿ. ನಾನು ಸಿಟ್ಟಿಗೆದ್ದು ಬೈಯುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಪಾಪ, ಅವರ ತಪ್ಪೇನೂ ಇರಲಿಲ್ಲ. ಅವರು ಭಾವ ಅಲ್ಲ ಎನ್ನುವುದಷ್ಟೇ ಅವರ ತಪ್ಪು.

ಮಾರಿಕಣಿವೆಯಲ್ಲಿ ನೀರಾವರಿ ನೌಕರರು ಒಂದು ಟೂರ್ನಮೆಂಟು ಇಟ್ಟಿದ್ದರು. ನಮ್ಮ ತಂಡಕ್ಕೂ ಹಿರಿಯೂರಿನ ತಂಡಕ್ಕೂ ಆಟ. ಭಾವ ದಾಳಿಗೆ ಬರುವುದು ಅಪರೂಪ, ಅವತ್ತು ಅವರ ದಾಳಿಗಾರರೆಲ್ಲ ಹೊರಗೆ ಕುಳಿತಿದ್ದರಿಂದ ಬರಲೇಬೇಕಾಯಿತು. ಕಬಡ್ಡಿ ಕಬಡ್ಡಿ ಅನ್ನುತ್ತಾ ನೇರ ನನ್ನ ಮೂಲೆಗೇ ಬಂದ. ಅವನ ಕಾಲು ಎತ್ತ ತಿರುಗುತ್ತದೆಂದು ನನಗೆ ಗೊತ್ತು, ನಾನು ಯಾವಾಗ ಬೀಳುತ್ತೇನೆಂದು ಅವನಿಗೆ ಗೊತ್ತು. ಬಿದ್ದೆ, ಹಿಮ್ಮಡಿ ಕೈಗೆ ಸಿಕ್ಕಿತು. ಉಳಿದವರು ಮೇಲೆ ಬಿದ್ದರು. ಜನ ಕೇಕೆ ಹಾಕುತ್ತಿದ್ದರೆ ಮಣ್ಣಿನಲ್ಲಿ ಮುಖ ಇಟ್ಟುಕೊಂಡೇ ಅವನು, "ಚೆನ್ನಾಗಿ ಹಿಡ್ದೆ ಕಣಲೇ" ಅಂದ. ನಾವು ಗೆದ್ದೆವು. ಸಾಹುಕಾರರು ನನಗೆ ಹಾರ ಹಾಕಿದರು. ಆ ಹಾರ ಹಾಕಿಕೊಂಡು ನಿಂತಾಗ ನನಗೆ ಅಳು ಬಂದದ್ದು ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಆಟ ಮುಗಿದು ಇಬ್ಬರೂ ನಾಲೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತೆವು. ಭಾವ ಮಂಡಿ ನೀವಿಕೊಳ್ಳುತ್ತಿದ್ದ.

"ಇದು ಇನ್ನು ಹೆಚ್ಚು ದಿನ ನಡ್ಯಾಂಗಿಲ್ಲ ಕಣೋ" ಅಂದ. "ನಿಂತೋಗೋದ್ರೊಳಗೆ ಒಂದೇ ಒಂದು ಸುಗ್ಗಿ ಜೊತೆಗೆ ಆಡಾಣ. ಮಿಲ್ಲಿನ ಬನೀನು ಹಾಕ್ಕಂಡು, ದೊಡ್ಡ ತಂಡಗಳ ಮುಂದೆ. ನಾವಿಬ್ರೂ ಎಷ್ಟು ಗಟ್ಟಿ ಅಂತ ಗೊತ್ತೇ ಆಗ್ಲಿಲ್ಲ ನೋಡು."

ಅವನು ಹಾಗೆ ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ. ನನ್ನ ಮನಸ್ಸಿನಲ್ಲಿ ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನೇ ಅವನು ಹೇಳಿದ್ದ. ಅವನಿಗೆ ಹಿರಿಯೂರಿನಲ್ಲಿ ಮಿಲ್ಲಿನವರೇ ಕೊಟ್ಟ ಮನೆ, ಹೆಂಡತಿ, ಆಗಷ್ಟೇ ಹುಟ್ಟಿದ ಕೂಸು. ನಾನು ಒಂಟಿ. ಬಿಟ್ಟು ಬರಬೇಕಾದವನು ನಾನೇ ಎಂದು ಅಲ್ಲೇ ತೀರ್ಮಾನವಾಯಿತು.

ಆಯುಧಪೂಜೆಗೆ ಮುಂಚೆ ಋಣ ಹರಿಯಬೇಕು. ಪೇಟೆಯಲ್ಲಿ ಎಲೆ ಅಡಿಕೆ ಕೊಂಡು, ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಸಾಹುಕಾರರ ಮನೆಗೆ ಹೋದೆ. "ಯಜಮಾನ್ರು ಇಲ್ಲ, ದಾವಣಗೆರೆಗೆ ಹೋಗವ್ರೆ" ಎಂದರು. ಇನ್ನೊಂದು ಸಲ ಹೋದೆ, ಪೂಜೆಗೆ ಕುಳಿತಿದ್ದಾರೆ. ಮತ್ತೊಂದು ಸಲ, ಮಲಗಿದ್ದಾರೆ. ಮಿಲ್ಲಿನಲ್ಲಿ ಸಿಕ್ಕರೆ, "ಇಲ್ಲಿ ಬ್ಯಾಡ, ಮನೆಗೆ ಬಾ" ಎನ್ನುತ್ತಿದ್ದರು. ಒಂದು ದಿನವೂ ಗದರಲಿಲ್ಲ, ಒಂದು ದಿನವೂ ಆಗುವುದಿಲ್ಲ ಅನ್ನಲಿಲ್ಲ. ಬೈದಿದ್ದರೆ ನಾನೂ ಬೈದು ಬರುತ್ತಿದ್ದೆ. ನಕ್ಕು ಮಾತಾಡಿಸುವವರ ಜೊತೆ ಜಗಳ ಆಡುವುದು ಹೇಗೆ? ಹಳೆಯ ಎಲೆ ಬಾಡಿದ್ದಕ್ಕೆ ಹೊಸ ಎಲೆ ಕೊಳ್ಳುವುದೇ ನನ್ನ ಕೆಲಸವಾಯಿತು. ಎಲೆ ಮಾರುವವಳು, "ಏನಪ್ಪಾ, ಯಾವ ಹೆಣ್ಣು ಕೇಳಾಕೆ ಹೊಂಟೀಯ? ಇಷ್ಟು ಸಲಕ್ಕೂ ಒಪ್ಲಿಲ್ವಾ?" ಎಂದು ಛೇಡಿಸಿದಳು.

ಕೊನೆಗೊಂದು ಬೆಳಿಗ್ಗೆ ಹೋದಾಗ ಸಾಹುಕಾರರ ತಾಯಿ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಮುಂದೆ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ. ಒಳಗಿನಿಂದ ಆಳು ಬಂದು ಯಜಮಾನರು ಊರಲ್ಲಿಲ್ಲ ಅಂದ. ಮೆಟ್ಟಿಲ ಬಳಿ ಯಜಮಾನರ ಕಾಲಿನ ಜೋಡು ಇತ್ತು. ನನಗೆ ನೆತ್ತಿಗೇರಿತು. ತಟ್ಟೆ ಎಸೆದು ಹೋಗಿಬಿಡಬೇಕು ಎಂದು ಕೈ ಎತ್ತಿದ್ದೆ.

"ಏನ್ ಮಗಾ ಅದು?" ಅಂದರು ಅಜ್ಜಿ.

"ವೀಳ್ಯ ಅಮ್ಮಾರೇ. ವಾಪಸ್ ಕೊಡಾಕೆ ಬಂದೀನಿ. ಇಸ್ಕಳ್ಳೋರೇ ಸಿಗವಲ್ರು."

ಅವರು ನನ್ನ ಮುಖ ನೋಡಿದರು, ಮೆಟ್ಟಿಲ ಬಳಿಯ ಜೋಡು ನೋಡಿದರು. "ಕೊಡಿಲ್ಲಿ. ಈ ಮನೆಗೆ ಅವನಿಗಿಂತ ಮೊದ್ಲು ಬಂದೋಳು ನಾನು" ಎಂದು ಎರಡೂ ಕೈ ಚಾಚಿದರು. ಎಲೆ ಹರಿದು, ಸುಣ್ಣ ಸವರಿ, ಅಡಿಕೆ ಸೇರಿಸಿ ಕುಟ್ಟಾಣಿಗೆ ಹಾಕಿ ಕುಟ್ಟತೊಡಗಿದರು. ಆ ಸದ್ದಿಗೆ ಊರಲ್ಲಿಲ್ಲದ ಯಜಮಾನರು ಪಡಸಾಲೆಯಿಂದ ಓಡಿಬಂದರು. ಬರುವಷ್ಟರಲ್ಲಿ ಅಜ್ಜಿ ಅದನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಮಗ ಬಾಗಿಲಲ್ಲಿ ನಿಂತು ತಾಯಿಯನ್ನೇ ನೋಡಿದರು. ತಾಯಿ ನಿಧಾನವಾಗಿ ಬಾಯಾಡಿಸುತ್ತಾ ಬೀದಿ ನೋಡಿದರು.

"ಆತಪ್ಪ" ಎಂದರು ಸಾಹುಕಾರರು ಕೊನೆಗೆ. "ಅವ್ವ ಇಸ್ಕಂಡ ಮ್ಯಾಲೆ ನಂದೇನೈತೆ. ಚೆನ್ನಾಗಿರು."

ನಾನು ಅಜ್ಜಿಯ ಕಾಲಿಗೆ ಬಿದ್ದೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಓಡಿ ಸಿಕ್ಕಿದ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಬಸ್ಸಿನಲ್ಲಿ ಕುಳಿತು ಏನೇನು ಅಂದುಕೊಂಡೆ! ನನ್ನ ಬಲಗೈ ಬೆರಳನ್ನು ನಾನೇ ಮಡಿಸಿ ಬಿಚ್ಚಿ ಮಾಡುತ್ತಿದ್ದೆ. ಅಷ್ಟು ಸುಖವಾಗಿ ನಾನು ಬೇರೆ ಯಾವ ಬಸ್ಸಿನಲ್ಲೂ ಕುಳಿತದ್ದಿಲ್ಲ, ಮುಂದೆ ಅದೆಷ್ಟೋ ವರ್ಷ ಬಸ್ಸಿನಲ್ಲೇ ಬದುಕಿದೆನಾದರೂ.

ಭಾವನ ಮನೆಗೂ ಹೋಗದೆ ನೇರ ಎಣ್ಣೆ ಮಿಲ್ಲಿನ ಸಾಹುಕಾರರ ಮುಂದೆ ಹೋಗಿ ನಿಂತೆ. ನಡೆದದ್ದನ್ನೆಲ್ಲ ಹೇಳಿ, "ನನಗೆ ವೀಳ್ಯ ಕೊಡ್ರಿ ಯಜಮಾನ್ರೆ" ಎಂದು ಬಾಯಿಬಿಟ್ಟು ಕೇಳಿಬಿಟ್ಟೆ. ಅವರು ಕಾಫಿ ತರಿಸಿದರು. ಅಜ್ಜಿಯ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಂದರು: "ವೀಳ್ಯ ಕೇಳಿ ಇಸ್ಕಳ್ಳೋದಲ್ಲಪ್ಪ, ಕರ್ದು ಕೊಡೋದು. ಕೇಳಿ ಇಸ್ಕಂಡ್ರೆ ನಿನಗೂ ಮರ್ಯಾದೆ ಅಲ್ಲ, ನನಗೂ ಅಲ್ಲ. ಕರೀತೀನಿ, ಹೋಗು."

ಅದನ್ನು ನಾನು ಮಾತು ಕೊಟ್ಟಂತೆ ಎಂದು ತಿಳಿದೆ. ನಮ್ಮ ಕಡೆ ಹಿರಿಯರು ಕರೀತೀನಿ ಅಂದರೆ ಕರೆದಂತೆಯೇ. ಭಾವನೂ ಹಾಗೆಯೇ ತಿಳಿದ. ಅವತ್ತು ತನ್ನ ಮನೆಯಲ್ಲಿ ಹಬ್ಬದ ಅಡುಗೆ ಮಾಡಿಸಿದ. ಉಂಡು ಊರಿಗೆ ಹೋಗಿ ಕಾಯುತ್ತಾ ಕುಳಿತೆ.

ಆಯುಧಪೂಜೆ ಬಂತು, ಕರೆ ಬರಲಿಲ್ಲ. ದೀಪಾವಳಿ ಬಂತು. ಸುಗ್ಗಿ ಮುಗಿದು ಟೂರ್ನಮೆಂಟುಗಳ ಭಿತ್ತಿಪತ್ರ ಅಂಟಿಸತೊಡಗಿದರು. ಹಿರಿಯೂರಿನ ಕಡೆಯಿಂದ ಯಾರಾದರೂ ಊರಿಗೆ ಬಂದರೆ ನನ್ನನ್ನು ಕರೆಯಲೆಂದೇ ಬಂದರೆಂದು ಎದ್ದು ನಿಲ್ಲುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಗಾದೆ ಇದೆಯಲ್ಲ, ಆ ಗಾದೆ ಕಟ್ಟಿದವನೂ ಎಲ್ಲೋ ಹೀಗೇ ಕಾದಿರಬೇಕು. ಕಾದು ಸಾಕಾಗಿ ಹೊಳಲ್ಕೆರೆಯ ಒಬ್ಬ ಸಾಹುಕಾರರ ಹತ್ತಿರ ಹೋದೆ. ಚಿಕ್ಕ ತಂಡದವರು, ಬಾಯಿ ನೇರ.

"ನೋಡಪ್ಪ, ಮುಚ್ಚುಮರೆ ಯಾಕೆ" ಅಂದರು. "ನಮ್ಮ ನಮ್ಮಲ್ಲೇ ಒಂದು ಮಾತೈತೆ. ವೀಳ್ಯ ವಾಪಸ್ ಕೊಟ್ಟು ಬಂದೋನ್ನ ಯಾರೂ ಕರ್ಯಾಂಗಿಲ್ಲ. ಇವತ್ತು ನಿನ್ನ ಕರುದ್ರೆ ನಾಳೆ ನನ್ನ ಹುಡುಗ್ರೂ ತಟ್ಟೆ ಹಿಡ್ಕಂಡು ಬಂದು ನಿಂತ್ಕಂತಾರೆ. ನೀನು ಒಳ್ಳೇ ಆಟಗಾರ. ಅದ್ಕೇ ಕರಿಯಾಕಾಗಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನನ್ನು ಬಿಟ್ಟರು, ಆದರೆ ಹಿಡಿಯುವವರು ಯಾರೂ ಇಲ್ಲ. ಕಟ್ಟಿಹಾಕಿದ್ದ ಹಗ್ಗ ಬಿಚ್ಚಿ ಊರಿನ ಬಾಗಿಲೆಲ್ಲ ಹಾಕಿಕೊಂಡಿದ್ದರು.

ಭಾವ ವಿಷಯ ತಿಳಿದು ಓಡಿಬಂದ. ಇಬ್ಬರೂ ಚಿತ್ರದುರ್ಗದಲ್ಲಿ ಒಬ್ಬ ಹಳೆಯ ವಕೀಲರ ಹತ್ತಿರ ಹೋದೆವು. ಕಬಡ್ಡಿ ಎಂದರೆ ಪ್ರಾಣ ಬಿಡುವವರು, ಫೀಸು ಕೇಳುವವರಲ್ಲ. ದೇಶವಿದೇಶದ ಕೋರ್ಟುಗಳ ಸಮಾಚಾರ ಓದುವುದು ಅವರಿಗೊಂದು ಚಟ. ನಮ್ಮ ಕತೆ ಕೇಳಿ ಕಣ್ಣು ಅಗಲ ಮಾಡಿದರು.

"ಕುಂತ್ಕಳ್ರಪ್ಪ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಐತೆ, ದಾಂಡು ತಗೊಂಡು ಚೆಂಡು ಹೊಡ್ದು ಓಡೋದು. ಅಲ್ಲೂ ತಂಡದ ಮಾಲೀಕರು ಹಿಂಗೇ ಮಾಡ್ಕಂಡವ್ರೆ. ಒಂದ್ಸಲ ಒಬ್ರ ತಂಡ ಸೇರಿದೋನು ಅವರು ಬಿಡೋತನಕ ಅವರೋನೇ, ಬೇರೆಯೋರು ಮುಟ್ಟಂಗಿಲ್ಲ. ಒಬ್ಬ ಆಟಗಾರ, ನನ್ನ ಕೇಳದೆ ನನ್ನ ಬೇರೆ ಊರಿಗೆ ಕೊಟ್ಟೀರಿ, ನಾನು ಹೋಗಲ್ಲ ಅಂತ ಅಲ್ಲಿನ ದೊಡ್ಡ ಕೋರ್ಟುತನಕ ಹೋದ."

"ಗೆದ್ನಾ ಸಾರ್?" ಭಾವ ಮುಂದಕ್ಕೆ ಬಾಗಿದ.

"ಸೋತ."

ಆಮೇಲೆ ಅವರು ಬಿಡಿಸಿ ಹೇಳಿದರು. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಇನ್ನೊಬ್ಬರ ಅನ್ನಕ್ಕೆ ಅಡ್ಡ ಬಂದರೆ ಅದನ್ನು ಮುರಿಯುವುದಕ್ಕೆ ಆ ದೇಶದಲ್ಲಿ ಒಂದು ಗಟ್ಟಿ ಕಾನೂನು ಇದೆಯಂತೆ. ಆದರೆ ಬಹಳ ಹಿಂದೆಯೇ ನ್ಯಾಯಾಧೀಶರು ಈ ಚೆಂಡಾಟ ಆ ಕಾನೂನು ಹೇಳುವ ವ್ಯಾಪಾರದೊಳಗೆ ಬರುವುದಿಲ್ಲ ಎಂದುಬಿಟ್ಟಿದ್ದರು. ಈಗಿನವರಿಗೆ ಅದು ಸರಿಯಲ್ಲ ಎಂದು ಗೊತ್ತು. ಆದರೂ ತಿದ್ದುವುದು ನಮ್ಮ ಕೆಲಸವಲ್ಲ, ಕಾನೂನು ಮಾಡುವವರು ತಿದ್ದಲಿ ಎಂದು ಕೈತೊಳೆದುಕೊಂಡರಂತೆ.

"ಅದು ಅಮೆರಿಕದ ಮಾತಾತು, ನಮ್ದು?" ಎಂದೆ. ನನ್ನ ದನಿ ಏರಿತ್ತು. "ಆಟ ವ್ಯಾಪಾರ ಅಲ್ಲ ಅಂದ್ರೆ ನಾನು ಅಲ್ಲಿ ಯಾತಕ್ಕಿದ್ದೆ? ಹತ್ತಿ ತೂಗಾಕೆ?"

"ಅಲ್ಲೇ ಐತೆ ನೋಡಪ್ಪ ತೊಡಕು. ಆಟಗಾರ ಅಂತ ಹೋದ್ರೆ ಆಟ ಕೆಲಸ ಅಲ್ಲ ಅಂತಾರೆ. ಮಿಲ್ಲಿನ ಕೆಲಸಗಾರ ಅಂತ ಹೋದ್ರೆ, ತೂಕದ ಕೆಲಸ ಬಿಟ್ಟೋನು ನೀನೇ, ಯಾರು ಬ್ಯಾಡ ಅಂದ್ರು ಅಂತಾರೆ. ದೊಡ್ಡ ದೊಡ್ಡ ಕಂಪನಿಗಳ ಏಕಸ್ವಾಮ್ಯ ತಡೆಯೋಕೆ ಅಂತ ನಮ್ಮ ದೆಹಲಿಯಲ್ಲೂ ಒಂದು ಕಾನೂನು ಮಾಡವ್ರೆ. ಅದು ಈ ಮಿಲ್ಲುಗಳತನಕ ಇಳಿದು ಬರಲ್ಲ. ಒಬ್ಬನ ಕಸುಬಿಗೆ ಅಡ್ಡ ಬರೋ ಒಪ್ಪಂದ ಕಾನೂನಿನಲ್ಲಿ ನಿಲ್ಲಲ್ಲ, ಅದು ನಿಜ. ಆದರೆ ಒಪ್ಪಂದ ಎಲ್ಲೈತೆ? ಎಲೆ ಅಡಿಕೆ. ತಿಂದು ಉಗುದಾತು." ಅವರೂ ನಗಲಿಲ್ಲ, ನಾವೂ ನಗಲಿಲ್ಲ. "ಕರೀಬೇಡ ಅಂತ ಅವರು ಬಾಯಿಬಿಟ್ಟು ಹೇಳಿಲ್ಲ. ಕರೀರಿ ಅಂತ ಕೋರ್ಟು ಹೇಳಾಕಾಗಲ್ಲ."

ವಕೀಲರ ಮನೆಯಿಂದ ಹೊರಗೆ ಬಂದು ನಾವು ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಹಿರಿಯೂರು ಬಸ್ಸು ನಿಂತಿತ್ತು. ಭಾವ ಹತ್ತಲಿಲ್ಲ.

"ನಾನೂ ವಾಪಸ್ ಕೊಟ್ಟು ಬರ್ತೀನಿ ಕಣಲೇ" ಅಂದ. "ಇಬ್ರೂ ಊರ ತಂಡಕ್ಕೇ ಆಡಾಣ. ಎಂಗಾರ ಆಗ್ಲಿ."

ಆ ಕ್ಷಣ ನನಗೆ ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ಹೂಂ ಅನ್ನುವುದೊಂದೇ ಬಾಕಿ. ಆದರೆ ದೊಡ್ಡ ಟೂರ್ನಮೆಂಟುಗಳನ್ನು ನಡೆಸುವವರೂ ಅದೇ ಸಾಹುಕಾರರು, ನಾವಿಬ್ಬರಿರುವ ತಂಡವನ್ನು ಅವರು ಅಂಕಣಕ್ಕೆ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಮಿಲ್ಲಿನ ಮನೆ ಬಿಡಬೇಕು. ಕೂಸು ಇನ್ನೂ ಹೆಜ್ಜೆ ಇಟ್ಟಿರಲಿಲ್ಲ.

"ತಲೆ ಕೆಟ್ಟೈತೇನಲೇ?" ಎಂದು ಜನರ ಮುಂದೆಯೇ ಕೂಗಾಡಿದೆ. "ಹೆಂಡ್ರು ಮಕ್ಕಳನ್ನ ಬೀದಿಗೆ ತಂದು ಕಬಡ್ಡಿ ಆಡ್ತಾನಂತೆ! ಹತ್ತು ಬಸ್ಸು. ಹತ್ತಲೇ!" ನನ್ನ ಸಿಟ್ಟು ಜನ್ಮದಲ್ಲಿ ಒಂದು ಸಲ ಉಪಯೋಗಕ್ಕೆ ಬಂದಿದ್ದರೆ ಅದು ಅವತ್ತು. ಅವನು ತಲೆ ತಗ್ಗಿಸಿ ಹತ್ತಿದ. ಬರ್ತೀನಿ ಅಂದನಲ್ಲ, ಅಷ್ಟೇ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಸಾಕಾಗಲಿಲ್ಲ.

ಮುಂದಿನ ವರ್ಷ ನನಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗ, ಕೆಲವು ದಿನ ಹಿರಿಯೂರು. ಒಂದು ಸಲ ಆ ವಕೀಲರು ಬಸ್ಸಿನಲ್ಲಿ ಸಿಕ್ಕಿದರು. ಟಿಕೇಟು ಹರಿದು ಕೊಡುತ್ತಿದ್ದರೆ ನನ್ನ ಕೈ ಹಿಡಿದುಕೊಂಡು, "ಗೊತ್ತಾಯ್ತೇನಪ್ಪ, ಆ ಬೇಸ್‌ಬಾಲ್ ಆಟಗಾರರು ಕೊನೆಗೂ ಬಿಡಿಸ್ಕಂಡರಂತೆ. ಕೋರ್ಟಿನ ಆ ಕಾನೂನಿನಿಂದ ಅಲ್ಲ. ಸಂಘ ಕಟ್ಕಂಡು, ಎಲ್ಲಾ ಒಟ್ಟಾಗಿ ನಿಂತು, ಪಂಚಾಯ್ತಿದಾರನ ಮುಂದೆ ಗೆದ್ದರಂತೆ" ಅಂದರು. ಅವರಿಗೆ ಖುಷಿಯೋ ಖುಷಿ. ನಾನು ಚಿಲ್ಲರೆ ಕೊಟ್ಟು ಮುಂದಿನ ಸೀಟಿಗೆ ಹೋದೆ. ನಮಗೆ ವೀಳ್ಯವನ್ನು ಯಾಕೆ ಒಬ್ಬೊಬ್ಬರಿಗೇ ಕರೆದು ಕೊಡುತ್ತಿದ್ದರು ಎನ್ನುವುದು ಆಗ ಅರ್ಥವಾಯಿತು. ನಾನು ತಟ್ಟೆ ಹಿಡಿದು ಹೋದಾಗಲೂ ಒಬ್ಬನೇ ಹೋದೆ, ಬೇರೆಯವರನ್ನು ಕರೆಯಬೇಕೆಂದು ತೋಚಲೇ ಇಲ್ಲ. ಮುಖ ಕಂಡರಿಯದ ಆ ಅಮೆರಿಕದವರ ಮೇಲೆ ಎಷ್ಟೋ ದಿನ ಅಸೂಯೆ ಪಟ್ಟೆ.

ಭಾವ ಆಡುತ್ತಲೇ ಇದ್ದ. ನನಗೆ ಪಾಳಿ ಇಲ್ಲದ ದಿನ ಹೋಗಿ ಹಗ್ಗದಾಚೆ ನಿಂತು ನೋಡುತ್ತಿದ್ದೆ. ಅವನ ಪಕ್ಕದ ಮೂಲೆಯಲ್ಲಿ ಯಾವನೋ ಇರುತ್ತಿದ್ದ. ಆ ಮೂಲೆಯವನು ಬೀಳುವುದಕ್ಕೆ ಮುಂಚೆ ಇಲ್ಲಿ ನಿಂತ ನನ್ನ ಮೈ ಮುಂದಕ್ಕೆ ಹೋಗುತ್ತಿತ್ತು. ಮುಂದೆ ನಿಂತವರು ತಿರುಗಿ ನೋಡಿ, "ಯಾಕ್ರೀ ತಳ್ತೀರಿ?" ಎಂದು ಬೈಯುತ್ತಿದ್ದರು.

ಒಂದು ಸಂಜೆ ಹಿರಿಯೂರಿನಲ್ಲಿ ಬಸ್ಸು ಹೊರಡುವ ಹೊತ್ತಿಗೆ ಭಾವ ಬಂದು ಹತ್ತಿದ. ಒಂದು ಕಾಲು ಎಳೆಯುತ್ತಿದ್ದ. ಕಂಡಕ್ಟರ್ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕುಳಿತ. ಊರಿಗೆ ಹೋಗುತ್ತಿರಬೇಕು ಎಂದುಕೊಂಡೆ. ಬಸ್ಸು ಊರು ದಾಟಿದ ಮೇಲೆ ಅವನೇ ಅಂದ: "ಸಾಹುಕಾರ್ರು ನನ್ನ ವೀಳ್ಯ ಇಸ್ಕಂಡ್ರು ಕಣಲೇ. ಅವರೇ ಕರ್ದು ಇಸ್ಕಂಡ್ರು. ಮಂಡಿ ಹೋತು. ಡಾಕ್ಟ್ರು ಇನ್ನು ಆಡಂಗೇ ಇಲ್ಲ ಅಂದ್ರು." ಆಮೇಲೆ, "ಮಿಲ್ಲಲ್ಲೇ ಕಾವಲುಗಾರ ಮಾಡ್ಯಾರೆ, ಮನೆ ಐತೆ, ತೊಂದ್ರೆ ಇಲ್ಲ" ಅಂದ.

ನಾನು ಒಳ್ಳೆಯದಾಯಿತು ಬಿಡು ಅಂದೆ. ಅವನು ಊರಿನ ತಿರುವಿನಲ್ಲಿ ಇಳಿದುಕೊಂಡ.

ಆಟ ಬಿಟ್ಟ ಮೇಲೂ ನಾನು ದಿನಾ ಬೆಳಕು ಹರಿಯುವ ಮುಂಚೆ ಎದ್ದು ಓಡುತ್ತಿದ್ದೆ. ದಂಡ, ಬಸ್ಕಿ ಹೊಡೆಯುತ್ತಿದ್ದೆ. ಕಂಡಕ್ಟರಿಗೆ ಇದೆಲ್ಲ ಯಾಕ್ರೀ ಎಂದು ಹೆಂಡತಿ ಕೇಳಿದರೆ, ಮೈ ಬೆಳೆಯಬಾರದಲ್ಲ ಎನ್ನುತ್ತಿದ್ದೆ. ನಾನೂ ಹಾಗೆಯೇ ನಂಬಿದ್ದೆ. ಭಾವ ಬಸ್ಸಿನಲ್ಲಿ ಸಿಕ್ಕಿದ ಮಾರನೆಯ ಬೆಳಿಗ್ಗೆ ಎಚ್ಚರವಾಯಿತು, ಏಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ. ಬಿಸಿಲು ಒಳಗೆ ಬಂದರೂ ಎದ್ದಿಲ್ಲವೆಂದು ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು.

"ಜ್ವರ ಏನಿಲ್ವಲ್ರೀ" ಅಂದಳು. "ಓಡಾಕೆ ಹೋಗ್ಲಿಲ್ವಾ?"

"ಇಲ್ಲ" ಅಂದೆ. "ಇನ್ನು ಹೋಗಲ್ಲ."